ಟೆಂಟಿಗೆ ಏಳಡಿ ಜಾಗ

ಇದೆಲ್ಲ ಶುರುವಾಗಿದ್ದು ಅಕ್ಕನ ಮಗ ಕಳಿಸಿದ ಒಂದು ಫೋಟೋದಿಂದ. ಅವನು ಸ್ಕಾಟ್ಲೆಂಡಿನಲ್ಲಿ ಓದುತ್ತಿದ್ದಾನೆ. ಬೋಳು ಗುಡ್ಡ, ಕೆಳಗೊಂದು ಕೆರೆ, ನಡುವೆ ಪುಟ್ಟ ಹಸಿರು ಟೆಂಟ್. ‘ಮಾವಾ, ಇಲ್ಲಿ ಯಾರನ್ನೂ ಕೇಳೋದು ಬೇಡ. ಸಂಜೆ ಹೋಗಿ ಟೆಂಟ್ ಹಾಕೋದು, ಬೆಳಿಗ್ಗೆ ಎದ್ದು ಕಟ್ಟಿಕೊಂಡು ಹೋಗೋದು’ ಅಂತ ಬರೆದಿದ್ದ. ವಿಚಾರಿಸಿದೆ, ನಿಜವೇ. ಅಲ್ಲಿ 2003ರಲ್ಲಿ ಒಂದು ಭೂ ಸುಧಾರಣಾ ಕಾಯ್ದೆ ಬಂದಿದೆ. ಬೆಳೆ ಇರುವ ಹೊಲ, ಮನೆಯ ಹಿತ್ತಲು ಬಿಟ್ಟರೆ ಬೇರೆಯವರ ಜಾಗದಲ್ಲೂ ನಡೆಯಬಹುದು, ರಾತ್ರಿ ಮಲಗಬಹುದು. ಹಾಳು ಮಾಡಬಾರದು, ಅಷ್ಟೆ. ನಮ್ಮಲ್ಲೂ 1974ರಲ್ಲಿ ಭೂ ಸುಧಾರಣೆ ಆಯ್ತು. ಉಳುವವನು ಒಡೆಯನಾದ. ನಡೆಯುವವನ ಬಗ್ಗೆ ಯಾರೂ ಯೋಚಿಸಿರಲಿಲ್ಲ. ನಡೆಯೋದು ಆಗ ಎಲ್ಲರೂ ದಿನಾ ಮಾಡುವ ಕೆಲಸವಾಗಿತ್ತು, ಅದಕ್ಕೊಂದು ಕಾನೂನು ಬೇಕು ಅಂತ ಯಾರಿಗೆ ಹೊಳೆಯಬೇಕು!

ನಮ್ಮ ಮನೆ ಶಿರಸಿ ಪೇಟೆಯಿಂದ ಸ್ವಲ್ಪ ಹೊರಗೆ. ಅಂಗಳ ದಾಟಿದರೆ ತೋಟ, ತೋಟ ದಾಟಿದರೆ ಬೆಟ್ಟ. ಇಷ್ಟು ಗುಡ್ಡ ಮನೆ ಹಿಂದೆ ಇಟ್ಟುಕೊಂಡು ನಲವತ್ತಾರು ವರ್ಷದಲ್ಲಿ ಒಂದು ರಾತ್ರಿಯೂ ಹೊರಗೆ ಮಲಗಿಲ್ಲವಲ್ಲ ಅನ್ನಿಸಿತು. ಭಾವನಿಗೆ, ಅಂದರೆ ಆ ಹುಡುಗನ ಅಪ್ಪನಿಗೆ, ಫೋನ್ ಮಾಡಿದೆ. ಅವರದ್ದು ಸಿದ್ದಾಪುರ ಕಡೆ. ‘ಹೋಪನ’ ಅಂದರು, ಎಲ್ಲಿಗೆ ಅಂತಲೂ ಕೇಳಲಿಲ್ಲ. ಮೂರನೆಯವನು ಕಾರವಾರದ ಗೆಳೆಯ. ಒಟ್ಟಿಗೆ ಕಾಲೇಜು ಓದಿದವರು. ಆಯಿಗೆ, ಅಂದರೆ ಅಮ್ಮನಿಗೆ, ಹೇಳಿದಾಗ ಅವಳು ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತದೇ ‘ಮನೇಲಿ ಹಾಸಿಗೆ ಇಲ್ಯನ ತಮಾ?’ ಅಂದಳು.

ಮೊದಲ ಪ್ರಶ್ನೆ ಎಲ್ಲಿಗೆ ಅನ್ನೋದು. ಗೆಳೆಯನ ಓಟು ಗೋಕರ್ಣಕ್ಕೆ. ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್, ಹೀಗೆ ಗುಡ್ಡ ಹತ್ತಿ ಇಳಿಯುತ್ತಾ ಒಂದೊಂದೇ ಬೀಚ್ ದಾಟುವ ದಾರಿ ಚಂದವೇ. ಆದರೆ ಶನಿವಾರ ರಾತ್ರಿ ಅಲ್ಲಿನ ಗಲಾಟೆ ನೋಡಿದವರು ನಿದ್ದೆಗೆ ಅಂತ ಹೋಗುವುದಿಲ್ಲ. ಜೋಯಿಡಾ ಕಡೆ ಅಂತ ಇನ್ನೊಂದು ಮಾತು ಬಂತು. ಅದು ಕಾಳಿ ಹುಲಿ ಸಂರಕ್ಷಿತ ಪ್ರದೇಶ, ಅಲ್ಲಿ ಟೆಂಟ್ ಹೊತ್ತು ಸುಮ್ನೆ ನುಗ್ಗುವ ಪ್ರಶ್ನೆಯೇ ಇಲ್ಲ. ಕುಳಗಿಯಲ್ಲಿ ಅರಣ್ಯ ಇಲಾಖೆಯದೇ ಪ್ರಕೃತಿ ಶಿಬಿರ ಇದೆ, ದುಡ್ಡು ಕೊಟ್ಟರೆ ಟೆಂಟಿನಲ್ಲೇ ಮಲಗಬಹುದು. ಆದರೆ ಬೇರೆಯವರು ಹಾಕಿಟ್ಟ ಟೆಂಟ್ ನಮಗೆ ಬೇಡವಾಗಿತ್ತು.

ಕೊನೆಗೆ ಯಾಣ ಅಂತಾಯಿತು. ‘ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ’ ಅಂತ ನಮ್ಮಲ್ಲಿ ಗಾದೆ ಇದೆ. ಮೈಯಲ್ಲಿ ಕಸುವು ಇದ್ದವನಿಗೆ ಯಾಣ, ಕೈಯಲ್ಲಿ ಕಾಸು ಇದ್ದವನಿಗೆ ಗೋಕರ್ಣ. ಈಗ ಯಾಣದ ಹತ್ತಿರದವರೆಗೂ ಕಾರು ಹೋಗುತ್ತದೆ, ಸೊಕ್ಕು ಬೇಕಾಗಿಲ್ಲ. ನಾವು ಆ ಗಾದೆಗೆ ಮರ್ಯಾದೆ ಕೊಟ್ಟು ನಡೆದೇ ಹೋಗೋಣ ಅಂದುಕೊಂಡೆವು. ಘಟ್ಟದ ಮೇಲಿಂದ ಇಳಿದು ಯಾಣ ನೋಡಿ, ಅಲ್ಲೇ ಎಲ್ಲೋ ರಾತ್ರಿ ಕಳೆದು, ಮರುದಿನ ವಿಭೂತಿ ಜಲಪಾತದ ಕಡೆಯಿಂದ ಅಚವೆಗೆ ಬಂದು ಅಂಕೋಲಾ ಬಸ್ಸು ಹಿಡಿಯೋದು.

ಹೇಳಿದಷ್ಟು ಸಲೀಸಾಗಿದ್ದಿದ್ದು ‘ಅಲ್ಲೇ ಎಲ್ಲೋ’ ಅನ್ನುವ ಮಾತು ಮಾತ್ರ. ಆ ‘ಎಲ್ಲೋ’ ಹುಡುಕುವುದಕ್ಕೇ ನಮಗೆ ಆರು ವಾರ ಹಿಡಿಯಿತು.

ವಲಯ ಅರಣ್ಯ ಕಚೇರಿಯೊಂದಕ್ಕೆ ಹೋದೆ. ಅಲ್ಲಿದ್ದವರು ಕೂರಿಸಿ ಚಾ ತರಿಸಿದರು. ನಾನು ನಕ್ಷೆ ಬಿಡಿಸಿ ವಿವರಿಸಿದೆ. ಪೂರ್ತಿ ಕೇಳಿ, ‘ಹಗಲು ಜನ ಹೋಗುವ ದಾರೀಲಿ ಹೋಗಿ ಬನ್ನಿ. ರಾತ್ರಿ ಕಾಡಲ್ಲಿ ಉಳಿಯೋದು ಬೇಡ’ ಅಂದರು. ಬೈಯಲಿಲ್ಲ, ಆದರೆ ಮಾತಿಗೆ ಎರಡು ಅರ್ಥ ಇರಲಿಲ್ಲ. 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಕಾಯ್ದಿಟ್ಟ ಅರಣ್ಯಕ್ಕೆ ಅನುಮತಿ ಇಲ್ಲದೇ ನುಗ್ಗೋದು, ಅಲ್ಲಿ ಬೆಂಕಿ ಹಾಕೋದು ಎಲ್ಲ ಅಪರಾಧ. ಸಾಲದ್ದಕ್ಕೆ ಅಘನಾಶಿನಿ ಕಣಿವೆಯ ದೊಡ್ಡ ಭಾಗ 2011ರಿಂದ ಸಿಂಗಳೀಕಗಳ ಸಂರಕ್ಷಣಾ ಮೀಸಲು. ಅದಕ್ಕೂ ಮೇಲೆ, 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಜನ ಜಾತ್ರೆಯ ಹಾಗೆ ನುಗ್ಗಿದ ನಂತರ ಚಾರಣದ ಮೇಲೇ ಇಲಾಖೆಯ ಕಣ್ಣು ಬಿದ್ದಿದೆ. ಅದೇ ವರ್ಷ ಅಕ್ಟೋಬರಿನಲ್ಲಿ ‘ಅರಣ್ಯ ವಿಹಾರ’ ಅಂತ ಆನ್‌ಲೈನ್ ಬುಕಿಂಗ್ ಶುರುವಾಯಿತು. ತಪ್ಪು ಅಂತ ನನಗೇನೂ ಅನ್ನಿಸಲಿಲ್ಲ. ಚಿಪ್ಸ್ ಪ್ಯಾಕೆಟ್ ಬಿದ್ದಿರುವ ಗುಡ್ಡಗಳನ್ನು ನಾವೇ ನೋಡಿಲ್ಲವೇ.

ಸರಿ, ಹಾಗಾದರೆ ನಮ್ಮದೇ ಬೆಟ್ಟ ಇದೆಯಲ್ಲ ಅಂದೆ ಭಾವನ ಹತ್ತಿರ. ಅವರು ನಕ್ಕರು. ಹೊರಗಿನವರಿಗೆ ಇದು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಜಿಲ್ಲೆಯಲ್ಲಿ ಅಡಿಕೆ ತೋಟಕ್ಕೆ ಸೊಪ್ಪಿನ ಬೆಟ್ಟ ಅಂತ ಬಿಟ್ಟಿರುತ್ತಾರೆ. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ ಅನ್ನೋದು ಬ್ರಿಟಿಷರ ಕಾಲದ ಲೆಕ್ಕ. ಸೊಪ್ಪು ಕಡಿಯಬಹುದು, ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸಬಹುದು, ಹುಲ್ಲು ಕೊಯ್ಯಬಹುದು. ಬೇಲಿ ನಾವೇ ಹಾಕುತ್ತೇವೆ, ಬೆಂಕಿ ಬಿದ್ದರೆ ನಾವೇ ಓಡುತ್ತೇವೆ, ‘ನಮ್ಮ ಬೆಟ್ಟ’ ಅಂತಲೇ ಕರೆಯುತ್ತೇವೆ. ಆದರೆ ನೆಲ ಇಲಾಖೆಯದ್ದು. ಅಜ್ಜನ ಕಾಲದಿಂದ ನಮ್ಮದು ಅಂತಿದ್ದ ಬೆಟ್ಟದಲ್ಲಿ ನನಗೆ ಸೊಪ್ಪಿನ ಹಕ್ಕಿದೆಯೇ ಹೊರತು ನಿದ್ದೆಯ ಹಕ್ಕಿಲ್ಲ ಅಂತ ತಿಳಿದಿದ್ದು ಈ ಟೆಂಟಿನ ದೆಸೆಯಿಂದ.

ಉಳಿದಿದ್ದು ಮಾಲ್ಕಿ ಜಾಗ. ಯಾರದ್ದಾದರೂ ಸ್ವಂತ ಬ್ಯಾಣ. ಮರ ಕಡಿಮೆ ಇರುವ, ದನ ಮೇಯುವ ಹುಲ್ಲು ಗುಡ್ಡಕ್ಕೆ ನಾವು ಬ್ಯಾಣ ಅಂತೀವಿ. ಭಾವ ತಮ್ಮ ಸಂಬಂಧಿಕರ ಪಟ್ಟಿ ತೆಗೆದರು. ಮದುವೆ ಕರೆಯೋಲೆ ಬರೆಯುವಾಗಲೂ ಅಷ್ಟು ಯೋಚನೆ ಮಾಡಿರಲಿಕ್ಕಿಲ್ಲ. ಕೊನೆಗೆ ಅವರ ಸೋದರತ್ತೆಯ ಮನೆ ನೆನಪಾಯಿತು. ಯಾಣದಿಂದ ಆಚೆ, ತೋಟದ ಮೇಲ್ಗಡೆ ಒಂದೂವರೆ ಎಕರೆ ಬ್ಯಾಣ, ಪಹಣಿ ಅವರ ಹೆಸರಲ್ಲೇ ಇದೆ. ಊರ ಹೆಸರು ಬರೆಯುವುದಿಲ್ಲ. ಬರೆದರೆ ಮುಂದಿನ ವಾರ ಆ ಅತ್ತೆಗೆ ಚಾ ಮಾಡಿ ಪೂರೈಸದು.

ಫೋನಿನಲ್ಲಿ ಅತ್ತೆ ಹೇಳಿದ್ದು ಒಂದೇ ಮಾತು. ‘ಜಗುಲಿ ಇದ್ದಲ್ಲ, ಅಲ್ಲೇ ಮಲಗಲಕ್ಕು. ಗುಡ್ಡಕ್ಕೆ ಎಂತಕ್ಕೆ?’ ಭಾವ ಹದಿನೈದು ನಿಮಿಷ ವಿವರಿಸಿದರು. ಜಗುಲಿ ಬಿಟ್ಟು ಗುಡ್ಡದಲ್ಲಿ ಮಲಗುವ ಅಳಿಯನನ್ನು ಊರವರು ಏನಂದುಕೊಳ್ಳುತ್ತಾರೋ ಅನ್ನೋದು ಅವರ ನಿಜವಾದ ಚಿಂತೆ. ಕೊನೆಗೆ ಷರತ್ತು ಹಾಕಿ ಒಪ್ಪಿದರು. ರಾತ್ರಿ ಊಟಕ್ಕೆ ಮನೆಗೆ ಬರಬೇಕು. ಬೆಂಕಿ ಹಾಕಬಾರದು. ಕತ್ತಲಾದ ಮೇಲೆ ಗದ್ದೆ ಕಡೆ ಕಾಲಿಡಬಾರದು, ಹಂದಿ ಕಾಟಕ್ಕೆ ಅಂತ ಸೋಲಾರ್ ಬೇಲಿ ಹಾಕಿದ್ದಾರೆ. ಸ್ಕಾಟ್ಲೆಂಡಿನ ಹುಡುಗ ಇದನ್ನು ಕೇಳಿ, ‘ಇದು ಕ್ಯಾಂಪಿಂಗ್ ಅಲ್ಲ ಮಾವಾ, ನೆಂಟರ ಮನೆ’ ಅಂದ. ಅವನು ಹೇಳಿದ್ದು ಪೂರ್ತಿ ಸುಳ್ಳಲ್ಲ.

ಆಮೇಲೆ ಯಾವಾಗ ಅನ್ನೋದು. ಇಲ್ಲಿ ನನಗಿಂತ ಭಾವನ ಮಾತೇ ನಡೆಯಿತು. ಜೂನ್‌ನಿಂದ ಸೆಪ್ಟೆಂಬರ್ ಬಿಡಿ, ಮಳೆ. ಅದರಲ್ಲೂ 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಜಾರಿ ಹೆದ್ದಾರಿಯ ಮೇಲೆ ಬಿದ್ದ ಮೇಲೆ, ಮಳೆಗಾಲದಲ್ಲಿ ಗುಡ್ಡದ ಬುಡದಲ್ಲಿ ಮಲಗ್ತೀನಿ ಅಂದರೆ ಮನೆಯಲ್ಲಿ ಯಾರೂ ಊಟ ಬಡಿಸುವುದಿಲ್ಲ. ಅಕ್ಟೋಬರಿನಲ್ಲಿ ಉಂಬಳ, ಅಂದರೆ ಜಿಗಣೆ, ಇನ್ನೂ ಇರುತ್ತವೆ. ಉಂಬಳ ಕಚ್ಚಿದರೆ ರಕ್ತ ಹೋಗುತ್ತದೆ, ತುರಿಸುತ್ತದೆ, ಅಷ್ಟೆ. ಹೊಗೆಸೊಪ್ಪು ನೆನೆಸಿದ ನೀರು, ಸುಣ್ಣ, ಉಪ್ಪು, ಇದೆಲ್ಲ ಮನೆಮನೆಯ ಮದ್ದು. ಹೆದರಬೇಕಾದ್ದು ಉಂಬಳಕ್ಕಲ್ಲ, ಉಣುಗಿಗೆ, ಅಂದರೆ ಮಂಗನ ಕಾಯಿಲೆ ಹರಡುವ ಉಣ್ಣೆಗೆ.

ಮಂಗನ ಕಾಯಿಲೆ ಅಂದರೆ ಘಟ್ಟದ ಮೇಲಿನ ನಮಗೆ ಓದಿ ತಿಳಿಯುವ ಸಂಗತಿ ಅಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದ ಕಾಯಿಲೆ ಇದು. ಸೊರಬ ದಾಟಿದರೆ ಸಿದ್ದಾಪುರ. ಭಾವನ ಕಡೆ ಬೇಸಿಗೆ ಬಂತೆಂದರೆ ಆಶಾ ಕಾರ್ಯಕರ್ತೆಯರು ಮನೆಗೆ ಬಂದು, ಉಣುಗು ಹತ್ತದಂತೆ ಹಚ್ಚುವ ಡೆಪಾ ಎಣ್ಣೆಯ ಬಾಟಲಿ ಕೊಟ್ಟು ಹೋಗುತ್ತಾರೆ. ಕಾಡಿಗೆ ಹೋಗುವ ಮುಂಚೆ ಕೈಕಾಲಿಗೆ ಹಚ್ಚಿಕೊಳ್ಳಬೇಕು. ಮಂಗ ಸತ್ತು ಬಿದ್ದಿದ್ದು ಕಂಡರೆ ಮುಟ್ಟದೇ ತಿಳಿಸಬೇಕು. ಮಂಗ ಸತ್ತಾಗ ಅದರ ಮೈಮೇಲಿನ ಉಣುಗುಗಳು ಕೆಳಗಿಳಿದು ಸುತ್ತಲಿನ ನೆಲದಲ್ಲಿ ಹರಡುತ್ತವೆ. ಡಿಸೆಂಬರಿನಿಂದ ಮೇ ತನಕ ಕಾಯಿಲೆ ಜಾಸ್ತಿ. ಆ ಹೊತ್ತಿಗೆ ಓಡಾಡುವ ಮರಿ ಉಣುಗು ಸಾಸಿವೆಗಿಂತ ಚಿಕ್ಕದು, ಮೈಮೇಲೆ ಹತ್ತಿದ್ದೂ ತಿಳಿಯುವುದಿಲ್ಲ. ಕಚ್ಚಿದ ಮೂರರಿಂದ ಎಂಟು ದಿನದೊಳಗೆ ಜ್ವರ, ತಲೆನೋವು, ಮೈಕೈ ಜಜ್ಜಿದಂತೆ ನೋವು. ಇದಕ್ಕೇ ಅಂತ ಔಷಧ ಇಲ್ಲ. ಬಂದ ಲಕ್ಷಣಕ್ಕೆ ಚಿಕಿತ್ಸೆ ಕೊಡುತ್ತಾರೆ. ಕಾಯಿಲೆ ಬಂದವರಲ್ಲಿ ನೂರಕ್ಕೆ ಮೂರರಿಂದ ಐದು ಜನ ಸಾಯುತ್ತಾರೆ.

ಟೆಂಟ್ ಹಾಕುವವನಿಗೆ ಇದರಲ್ಲಿ ಒಂದು ನೇರವಾದ ಪಾಠ ಇದೆ. ಮೆತ್ತಗಿರುತ್ತದೆ ಅಂತ ದರಕಿನ ಮೇಲೆ ಟೆಂಟ್ ಹಾಕುವುದು ಎಲ್ಲರ ಆಸೆ. ಉಣುಗು ಕಾಯುತ್ತಾ ಕೂರುವುದೂ ಅದೇ ಒಣ ಎಲೆಯಲ್ಲಿ, ದನ ಓಡಾಡುವ ದಾರಿಯ ಅಂಚಿನಲ್ಲಿ. ಹಾಗಾಗಿ ಮರದ ನೆರಳು ಬೇಡ, ಬಯಲಲ್ಲಿ ಗಿಡ್ಡ ಹುಲ್ಲಿರುವ ಕಡೆ ಹಾಕಬೇಕು ಅಂತಾಯಿತು. ಫೆಬ್ರವರಿ ನಂತರ ಕಾಡಿನ ಬೆಂಕಿಯ ಭಯ ಬೇರೆ. ಎಲ್ಲ ಕಳೆದು ನಮಗೆ ಉಳಿದಿದ್ದು ನವೆಂಬರ್ ಕೊನೆಯ ಎರಡು ವಾರ. ಹಳ್ಳದಲ್ಲಿ ನೀರು ಇರುತ್ತದೆ, ಉಂಬಳ ಕಡಿಮೆಯಾಗಿರುತ್ತವೆ, ಚಳಿ ಹಿತವಾಗಿರುತ್ತದೆ. ತೊಂದರೆ ಒಂದೇ. ಅದೇ ಹೊತ್ತಿಗೆ ಅಡಿಕೆ ಕೊನೆಕೊಯ್ಲು ಶುರು. ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡ ಬರುವ ದಿನ ಮನೆ ಬಿಟ್ಟು ಹೋಗುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ. ಅವನನ್ನು ಕೇಳಿಕೊಂಡೇ ದಿನ ಗೊತ್ತು ಮಾಡಿದೆವು. ಅಷ್ಟರ ಮಟ್ಟಿಗೆ ಈ ಪ್ರವಾಸದ ದಿನಾಂಕ ಇಟ್ಟಿದ್ದು ಅವನೇ.

ದಾರಿಗೆ ಸರ್ವೇ ಆಫ್ ಇಂಡಿಯಾದ ನಕ್ಷೆ ಇಳಿಸಿಕೊಂಡೆ. 2017ರಿಂದ ಅವನ್ನು ಪುಕ್ಕಟೆ ಕೊಡುತ್ತಾರೆ. 1:50,000 ಅಳತೆ, ಅಂದರೆ ನಕ್ಷೆಯ ಎರಡು ಸೆಂಟಿಮೀಟರ್ ನೆಲದ ಒಂದು ಕಿಲೋಮೀಟರ್. 20 ಮೀಟರ್ ಎತ್ತರಕ್ಕೊಂದು ಗೆರೆ. ಶಿರಸಿಯ ಝೆರಾಕ್ಸ್ ಅಂಗಡಿಯಲ್ಲಿ ದೊಡ್ಡ ಹಾಳೆಯಲ್ಲಿ ತೆಗೆಸಿ ಊಟದ ಮೇಜಿನ ಮೇಲೆ ಹರಡಿದೆ. ಘಟ್ಟದ ಮೇಲೆ ಗೆರೆಗಳು ದೂರ ದೂರ, ತೋಟದ ಕಣಿವೆಗಳ ಸುತ್ತ ಸಡಿಲವಾಗಿ ಸುತ್ತಿಕೊಂಡಿವೆ. ಅಂಚಿಗೆ ಬಂದಿದ್ದೇ ಒಂದರ ಮೇಲೊಂದು ಒತ್ತಿ ಕಂದು ಬಣ್ಣದ ಪಟ್ಟಿಯೇ ಆಗಿಬಿಡುತ್ತದೆ. ನಾವು ಇಳಿಯಬೇಕಾದ್ದು ಆ ಪಟ್ಟಿಯಲ್ಲಿ. ಅದರ ಮೇಲೆ ಸಣ್ಣ ಚುಕ್ಕಿ ಗೆರೆಯ ಕಾಲುದಾರಿ. ಹೊಲಿಗೆ ದಾರ ತಂದು ಆ ಚುಕ್ಕಿಗಳ ಮೇಲೆ ಬಳುಕಿಸಿ ಇಟ್ಟು, ಆಮೇಲೆ ಸ್ಕೇಲಿಗೆ ಹಿಡಿದು ಅಳೆದೆವು. ಮೊದಲ ದಿನ 12 ಕಿಲೋಮೀಟರ್, ಎರಡನೇ ದಿನ 9.

ಸ್ಕಾಟ್ಲೆಂಡಿನಿಂದ ಸೂತ್ರವೂ ಬಂತು. ಅಲ್ಲಿಯ ನೈಸ್ಮಿತ್ ಎಂಬ ಪರ್ವತಾರೋಹಿ 1892ರಲ್ಲಿ ಹಾಕಿದ ಲೆಕ್ಕ. ತಾಸಿಗೆ 5 ಕಿಲೋಮೀಟರ್, ಮೇಲೆ 600 ಮೀಟರ್ ಏರಿಗೆ ಇನ್ನೊಂದು ತಾಸು. ನಮ್ಮದು ಬಹುತೇಕ ಇಳಿಜಾರು. ಮೂರು ತಾಸು ಸಾಕು ಅಂತ ಬರೆದುಕೊಂಡೆ.

ಪಕ್ಕದ ಮನೆ ಅಜ್ಜನಿಗೆ ನಕ್ಷೆ ತೋರಿಸಿದೆ. ಎಂಬತ್ತು ದಾಟಿದವರು. ಹುಡುಗನಾಗಿದ್ದಾಗ ಶಿವರಾತ್ರಿಗೆ ಗೋಕರ್ಣಕ್ಕೆ ಕಾಲ್ನಡಿಗೆಯಲ್ಲಿ ಹೋಗಿ ಬಂದವರು. ನಕ್ಷೆಯನ್ನು ಅವರು ನೋಡಲೇ ಇಲ್ಲ. ಕಣ್ಣು ಮುಚ್ಚಿ ಶುರು ಮಾಡಿದರು. ಹೆಬ್ಬಲಸಿನ ಮರ, ಅಲ್ಲಿಂದ ಹಳ್ಳ, ಹಳ್ಳಕ್ಕೆ ಸಂಕ ಅಂದರೆ ಕಾಲುಸೇತುವೆ, ಸಂಕ ದಾಟಿ ಎಡಕ್ಕೆ ಹೋಗಬಾರದು. ಘಟ್ಟದ ಮೇಲಿನ ಮೆಣಸು, ಅಡಿಕೆ ಎತ್ತಿನ ಬೆನ್ನ ಮೇಲೆ ಮಿರ್ಜಾನಿನ ಕಡೆ ಇಳಿಯುತ್ತಿದ್ದ ಕತೆ ಅವರ ಅಜ್ಜ ಅವರಿಗೆ ಹೇಳಿದ್ದಂತೆ. ಬರುವಾಗ ಉಪ್ಪು. ಯಾಣದ ಚಂಡಿಹೊಳೆ ಅಘನಾಶಿನಿಯನ್ನು ಸೇರುವ ಊರಿಗೆ ಇವತ್ತಿಗೂ ಉಪ್ಪಿನಪಟ್ಟಣ ಅಂತಲೇ ಹೆಸರು. ‘ಎಷ್ಟು ಹೊತ್ತಾಗ್ತಿತ್ತು ಅಜ್ಜ?’ ಅಂದೆ. ‘ಗಡಿಯಾರ ಯಾರ ಹತ್ರ ಇತ್ತು?’ ಅಂದರು.

ಒಂದು ಭಾನುವಾರ ಬೈಕಿನಲ್ಲಿ ಹೋಗಿ ದಾರಿಯ ಬಾಯಿ ನೋಡಿ ಬಂದೆವು. ಒಳ್ಳೆಯದಾಯಿತು. ಸಂಕ ಇರಲಿಲ್ಲ. ಹೆಬ್ಬಲಸಿನ ಮರವೂ ಇರಲಿಲ್ಲ. ನಕ್ಷೆಯ ಚುಕ್ಕಿ ಗೆರೆ ಶುರುವಾಗಬೇಕಾದ ಕಡೆ ಯುಪಟೋರಿಯಂ ಮತ್ತು ಕೌಳಿ ಮುಳ್ಳು ಆಳೆತ್ತರ ಬೆಳೆದು ನಿಂತಿತ್ತು. ರಸ್ತೆ ಆಗಿ ಬಸ್ಸು ಬಂದ ಮೇಲೆ ಆ ದಾರಿಯಲ್ಲಿ ನಡೆಯುವವರು ಯಾರು? ಭಾವ ಸೊಂಟದ ಕತ್ತಿ ತೆಗೆದು ನಾಲ್ಕು ಹೆಜ್ಜೆ ಸವರಿದರು, ನಿಂತರು, ಒರೆಸಿಕೊಂಡರು. ಸವರಿಕೊಂಡು ಹೋಗುವುದಕ್ಕೂ ಅದು ನಮ್ಮ ಕಾಡಲ್ಲ. ಚುಕ್ಕಿ ಗೆರೆ ಬಿಟ್ಟು ಹಳ್ಳಿಯ ಮಣ್ಣು ರಸ್ತೆ, ಜನ ಈಗಲೂ ಬಳಸುವ ಒಳದಾರಿ ಹಿಡಿದರೆ 12 ಇದ್ದಿದ್ದು 16 ಆಯಿತು. ಕಾಡೊಳಗಿಂದ ವಿಭೂತಿಗೆ ಹೋಗುವ ಯೋಚನೆಯನ್ನೂ ಅಲ್ಲಿಗೇ ಬಿಟ್ಟೆವು.

ಟೆಂಟ್ ಆನ್‌ಲೈನಿನಲ್ಲಿ ತರಿಸಿದ್ದು. ಮೂರು ಜನರದ್ದು ಅಂತ ಬರೆದಿತ್ತು. ಯಾವ ಊರಿನ ಮೂರು ಜನರೋ. ಏಳಡಿ ಉದ್ದ, ಆರಡಿ ಅಗಲ. ಬಂದ ದಿನ ಸಂಜೆ ಅಂಗಳದಲ್ಲಿ ಹಾಕಲು ಕುಳಿತೆ. ಜೊತೆಗೆ ಬಂದ ಅಲ್ಯೂಮಿನಿಯಂ ಮೊಳೆಗಳಲ್ಲಿ ನಾಲ್ಕು ಮೊದಲ ಏಟಿಗೇ ಬಾಗಿದವು. ನಮ್ಮದು ಚಿರೆಕಲ್ಲಿನ ನೆಲ, ಮೇಲೆ ಗಟ್ಟಿಸಿ ಸಗಣಿ ಬಳಿದ ಅಂಗಳ. ಅದು ಇಂಥ ಮೊಳೆಗೆಲ್ಲ ಬಗ್ಗುವುದಲ್ಲ. ಅಡಿಕೆ ದಬ್ಬೆ ಸೀಳಿ, ತುದಿ ಚೂಪು ಮಾಡಿ ಹನ್ನೆರಡು ಗೂಟ ಮಾಡಿಕೊಂಡೆ. ಒಂದೂ ಬಾಗಲಿಲ್ಲ.

ಆ ರಾತ್ರಿ ತೋಟದಂಚಿನ ಹುಲ್ಲಿನಲ್ಲಿ ಹಾಕಿ ಒಬ್ಬನೇ ಮಲಗಿ ನೋಡಿದೆ. ಬೆಳಗಿನ ಜಾವ ಮೂರಕ್ಕೆ ಮುಖದ ಮೇಲೆ ತಣ್ಣಗೆ ಹನಿ ಬಿತ್ತು. ಮಳೆ ಅಂದುಕೊಂಡೆ. ಹೊರಗೆ ನಕ್ಷತ್ರ ಕಾಣುತ್ತಿತ್ತು. ಬ್ಯಾಟರಿ ಬಿಟ್ಟು ನೋಡಿದರೆ ಟೆಂಟಿನ ಒಳಮೈ ತುಂಬಾ ನೀರ ಹನಿ, ಸಾಲಾಗಿ, ಒಂದು ಇನ್ನೊಂದನ್ನು ಕೂಡಿಕೊಂಡು ಜಾರುತ್ತಿದ್ದವು. ಬಟ್ಟೆ ಸೋರುತ್ತದೆ ಅಂತ ಅಂಗಡಿಯವನನ್ನು ಮನಸ್ಸಿನಲ್ಲೇ ಬೈದೆ. ಬೆಳಿಗ್ಗೆ ಸ್ಕಾಟ್ಲೆಂಡಿನವನಿಗೆ ಫೋಟೋ ಕಳಿಸಿದರೆ, ‘ಅದು ನಿಮ್ಮದೇ ಉಸಿರು ಮಾವಾ’ ಅಂದ. ಇಬ್ಬನಿ ಬಿದ್ದು ಹೊರಪದರ ತಣ್ಣಗಾಗಿರುತ್ತದೆ. ಎಲ್ಲ ಜಿಪ್ಪು ಎಳೆದು ಬೆಚ್ಚಗೆ ಮಲಗಿದರೆ ಒಳಗಿನ ಉಸಿರಿನ ತೇವ ಹೋಗಿ ಅದಕ್ಕೆ ತಾಗಿ ನೀರಾಗುತ್ತದೆ. ತಣ್ಣನೆಯ ಚೊಂಬಿನ ಹೊರಗೆ ಹನಿ ಕಟ್ಟುವ ಹಾಗೆ. ಸೊಳ್ಳೆಪರದೆ ಮಾತ್ರ ಹಾಕಿ, ಎರಡೂ ಕಡೆ ಗಾಳಿಕಿಂಡಿ ಬಿಟ್ಟು, ಹೊರಪದರವನ್ನು ಒಳಪದರಕ್ಕೆ ತಾಗದಂತೆ ಬಿಗಿದು ಕಟ್ಟಬೇಕು. ಮರುದಿನ ಹಾಗೆ ಮಾಡಿದೆ. ಚಳಿಯಾಯಿತು, ಆದರೆ ಹನಿ ಬೀಳಲಿಲ್ಲ.

ಚೀಲವನ್ನು ಅಡಿಕೆ ತೂಗುವ ತಕ್ಕಡಿಗೆ ಹಾಕಿದೆ. 14 ಕಿಲೋ 600 ಗ್ರಾಂ. ಮೈತೂಕದ ಐದನೇ ಒಂದು ಭಾಗಕ್ಕಿಂತ ಹೆಚ್ಚು ಹೊರಬಾರದು ಅಂತ ನಡೆಯುವವರು ಹೇಳುತ್ತಾರೆ. ನಾನು 62 ಕಿಲೋ. ಕುಕ್ಕರ್ ಹೋಯಿತು, ಎರಡನೇ ಪ್ಯಾಂಟ್ ಹೋಯಿತು, ಕುರ್ಚಿ ಹೋಯಿತು. ಹೌದು, ಮಡಚುವ ಕುರ್ಚಿ ತಗೊಂಡಿದ್ದೆ, ಕೇಳಬೇಡಿ. ಊಟ ಅತ್ತೆ ಮನೆಯಲ್ಲಿ ಅಂತಾದ ಮೇಲೆ ಅಕ್ಕಿಯೂ ಹೋಯಿತು. ಉಳಿದಿದ್ದು ಅವಲಕ್ಕಿ, ಚಟ್ನಿಪುಡಿ, ಸುಟ್ಟ ಹಲಸಿನ ಹಪ್ಪಳ, ಮುರುಗಲು ಪಾನಕಕ್ಕೆ ಒಣ ಸಿಪ್ಪೆ. ಪ್ರಥಮ ಚಿಕಿತ್ಸೆಯ ಪೊಟ್ಟಣ, ಉಣುಗು ಕೀಳಲು ಚಿಮಟ, ಡೆಪಾ ಎಣ್ಣೆ. ಮಣ್ಣು ತೋಡಲು ಒಂದು ಹಳೇ ಕೈಗುದ್ದಲಿ. ಬಹಿರ್ದೆಸೆಗೆ ಹಳ್ಳದಿಂದ ಇನ್ನೂರು ಅಡಿ ದೂರ, ಒಂದು ಗೇಣು ಆಳದ ಗುಂಡಿ, ಆಮೇಲೆ ಮುಚ್ಚಬೇಕು. ಇದನ್ನು ಬರೆಯಲು ನಾಚಿಕೆಯೇನಿಲ್ಲ. ಹಳ್ಳದ ಕೆಳಗೆ ಯಾರದ್ದೋ ಮನೆಯ ಕುಡಿಯುವ ನೀರು ಇರುತ್ತದೆ. 9 ಕಿಲೋ 200ಕ್ಕೆ ಬಂದಾಗ ಸಾಕು ಅಂದೆ.

ಹೊರಡುವ ದಿನ ಬೆಳಿಗ್ಗೆ ಯಾಕೋ ಭಾರ ಅನ್ನಿಸಿತು. ಬಸ್ಸಿಗೆ ಹೊತ್ತಾಗಿತ್ತು, ನೋಡಲಿಲ್ಲ.

ಮನೆಯ ಗೋಡೆಗೆ ಒಂದು ಚೀಟಿ ಅಂಟಿಸಿದ್ದೆ. ಯಾವ ದಾರಿ, ಎಷ್ಟು ಗಂಟೆಗೆ ಎಲ್ಲಿ, ಸಂಜೆ ಏಳರೊಳಗೆ ಫೋನ್ ಬಾರದಿದ್ದರೆ ಯಾರಿಗೆ ಹೇಳಬೇಕು. ಕಣಿವೆಗಳಲ್ಲಿ ನೆಟ್‌ವರ್ಕ್ ಇರುವುದಿಲ್ಲ. ಅತ್ತೆ ಮನೆಯ ದಣಪೆಯ, ಅಂದರೆ ಬೇಲಿ ಬಾಗಿಲಿನ, ಪಕ್ಕದ ಕಲ್ಲಿನ ಮೇಲೆ ನಿಂತರೆ ಮಾತ್ರ ಒಂದು ಕಡ್ಡಿ ಸಿಗುತ್ತದೆ ಅಂತ ಮೊದಲೇ ತಿಳಿದುಕೊಂಡಿದ್ದೆವು.

ನಡೆದ ಕತೆ ಉದ್ದ ಮಾಡುವುದಿಲ್ಲ. ನೈಸ್ಮಿತ್‌ನ ಲೆಕ್ಕದಲ್ಲಿ ಮೂರೂಕಾಲು ತಾಸಿನ ದಾರಿಗೆ ನಮಗೆ ಏಳು ತಾಸು ಬೇಕಾಯಿತು. ಅವನ ಸೂತ್ರದಲ್ಲಿ ‘ಎಲ್ಲಿ ಹೊಂಟ್ರಿ, ಯಾರ ಮನೆ ಆಯ್ತು, ಒಂದು ಲೋಟ ಕಷಾಯ ಕುಡಿದು ಹೋಗಿ’ ಅನ್ನುವುದಕ್ಕೆ ಸಮಯ ಹಿಡಿದಿಲ್ಲ. ನಾಲ್ಕು ಮನೆಗಳಲ್ಲಿ ಕುಳಿತೆವು. ಇಳಿಜಾರಿನಲ್ಲಿ ಮೊಣಕಾಲು ಏರಿಗಿಂತ ಜಾಸ್ತಿ ನೋಯುತ್ತದೆ ಅನ್ನೋದನ್ನೂ ಅವನು ಹೇಳಿಲ್ಲ. ಯಾಣದಲ್ಲಿ ಭೈರವೇಶ್ವರ ಶಿಖರದ ಬುಡಕ್ಕೆ ಬಂದಾಗ ಬಿಸಿಲು ಓರೆಯಾಗಿತ್ತು. 120 ಮೀಟರ್ ಎತ್ತರದ ಕರಿ ಬಂಡೆ, ಅದಕ್ಕೆ ಜೋತುಬಿದ್ದ ಹೆಜ್ಜೇನು. ಎಷ್ಟು ಸಲ ನೋಡಿದರೂ ನಾನು ಅದರೆದುರು ಮಾತಾಡುವುದಿಲ್ಲ. ಆಚೆಗಿನ ಮೋಹಿನಿ ಶಿಖರ 90 ಮೀಟರ್. ಅದನ್ನು ಗೆಳೆಯ ಒಬ್ಬನೇ ಹೋಗಿ ನೋಡಿ ಬಂದ, ನಾವಿಬ್ಬರೂ ಕಾಲು ನೀಡಿ ಕುಳಿತಿದ್ದೆವು.

ಬ್ಯಾಣದಲ್ಲಿ ಟೆಂಟ್ ಹಾಕುವಾಗ ಚೀಲಕ್ಕೆ ಕೈ ಹಾಕಿದೆ. ಅಂಟಂಟು. ಆಯಿ ನನಗೆ ಹೇಳದೇ ಜೋನಿಬೆಲ್ಲದ ಬಾಟಲಿ ತುರುಕಿದ್ದಳು, ತೊಡದೇವಿನ ಪೊಟ್ಟಣದ ಜೊತೆ. ಮುಚ್ಚಳ ಸಡಿಲಾಗಿ ಅರ್ಧ ಬಾಟಲಿ ಬೆಲ್ಲ ಟವೆಲ್ಲಿಗೆ, ನಕ್ಷೆಗೆ, ಟೆಂಟಿನ ಒಂದು ಮೂಲೆಗೆ. ಐದೇ ನಿಮಿಷದಲ್ಲಿ ಇರುವೆಗಳ ಸಾಲು ಬಂತು. ಆ ಗುಡ್ಡದಲ್ಲಿ ಟೆಂಟ್ ಹಾಕಲು ಇರುವೆಗಳ ಅನುಮತಿ ಮಾತ್ರ ನಾವು ಕೇಳಿರಲಿಲ್ಲ. ತೋಟದ ಮೇಲಿಂದ ಅಡಿಕೆ ದೋಣಿಯಲ್ಲಿ ಬರುವ ಅಬ್ಬಿ ನೀರಿಗೆ ಟೆಂಟಿನ ಮೂಲೆ ಹಿಡಿದು ತೊಳೆದು, ಒದ್ದೆಯಾಗಿಯೇ ಕಟ್ಟಿದೆವು. ತೊಡದೇವು ಪುಡಿಯಾಗಿತ್ತು, ಮುಷ್ಟಿಯಲ್ಲಿ ತಿಂದೆವು.

ಊಟಕ್ಕೆ ಅತ್ತೆ ಅಪ್ಪೆಹುಳಿ ಮಾಡಿದ್ದರು. ಅದನ್ನು ಕುಡಿದರೆ ನಿದ್ದೆ ತಡೆಯಲಾಗುವುದಿಲ್ಲ. ಊಟ ಮುಗಿಸಿ ಬ್ಯಾಣ ಹತ್ತುವಷ್ಟರಲ್ಲಿ ಕಣ್ಣು ಎಳೆಯುತ್ತಿತ್ತು. ಗೆಳೆಯನ ಚೀಲದಲ್ಲಿ ಒಣ ಸೀಗಡಿ ಚಟ್ನಿಯ ಡಬ್ಬಿ ಇತ್ತು. ಹವ್ಯಕರ ಮನೆಯ ಜಾಗ ಅಂತ ಅದನ್ನು ತೆರೆಯದೇ ಮೂರು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟಿದ್ದ. ಮನುಷ್ಯರಿಗೆ ವಾಸನೆ ಬರಲಿಲ್ಲ. ಅತ್ತೆ ಮನೆಯ ನಾಯಿಗೆ ಬಂತು. ಅದು ಇಡೀ ರಾತ್ರಿ ಟೆಂಟಿನ ಬಾಗಿಲಲ್ಲಿ ಮೂಗಿಟ್ಟು ಕುಳಿತಿತ್ತು. ನಡುರಾತ್ರಿ ಕೆಳಗೆ ಗದ್ದೆಯ ಕಡೆ ಹಂದಿಗಳು ಗುಟುರು ಹಾಕಿದಾಗ ಬೊಗಳಿದ್ದೂ ಅದೇ. ಕಾವಲಿಗೆ ಸೀಗಡಿ ಇಡಬೇಕು ಅಂತ ಯಾವ ಪಟ್ಟಿಯಲ್ಲೂ ಬರೆದಿರಲಿಲ್ಲ.

ಬೆಳಿಗ್ಗೆ ಟೆಂಟ್ ಎತ್ತಿದಾಗ ಏಳಡಿ-ಆರಡಿ ಹುಲ್ಲು ಮಲಗಿತ್ತು. ಗೂಟ ಕಿತ್ತ ತೂತುಗಳನ್ನು ಕಾಲಿನಿಂದ ಮುಚ್ಚಿದೆವು. ಕಾಲು ಒರೆಸುವಾಗ ಭಾವನ ಕಾಲುಚೀಲದ ಅಂಚಿನಲ್ಲಿ ಕಪ್ಪು ಚುಕ್ಕಿಯೊಂದು ನಡೆಯುತ್ತಿತ್ತು. ಚಿಮಟದಲ್ಲಿ ಹಿಡಿದು ತೆಗೆದೆ. ಕಚ್ಚಿರಲಿಲ್ಲ ಅಂತ ಕಾಣುತ್ತದೆ. ಯಾರೂ ಜಾಸ್ತಿ ಮಾತಾಡಲಿಲ್ಲ. ಎರಡನೇ ದಿನ ಹಳ್ಳಿ ರಸ್ತೆಯಲ್ಲೇ ನಡೆದೆವು. ವಿಭೂತಿಯ ನೀರಿನಲ್ಲಿ ಅರ್ಧ ತಾಸು ಕಾಲಿಟ್ಟು ಕುಳಿತೆವು. ಅಚವೆಯಲ್ಲಿ ಬಸ್ಸು ಹತ್ತಿದಾಗ ಕಂಡಕ್ಟರ್ ಮೂರು ಚೀಲ ನೋಡಿ, ‘ಲಗೇಜಾ?’ ಅಂದ.

ಮನೆಗೆ ಬಂದವನನ್ನು ಆಯಿ ಒಳಗೆ ಬಿಡಲಿಲ್ಲ. ಬಟ್ಟೆಯನ್ನೆಲ್ಲ ಅಂಗಳದಲ್ಲೇ ಬಿಸಿನೀರಿಗೆ ಹಾಕಿಸಿ, ಸೋಪು ಹಚ್ಚಿ ಮೀಯಿಸಿದಳು. ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಎಂಟು ಮನೆಗೆ ಗೀಟು ಹಾಕಿದಳು. ದಿನಾ ಬೆಳಿಗ್ಗೆ ನನ್ನ ಹಣೆ ಮುಟ್ಟಿ ನೋಡಿ ಒಂದೊಂದು ಗೀಟು ಅಳಿಸಿದಳು. ಸಂಜೆ ಭಾವನಿಗೂ ಫೋನ್ ಮಾಡಿ ಕೇಳುತ್ತಿದ್ದಳು. ಎಂಟನೆಯದು ಅಳಿಸಿದ ದಿನ ಸಂಜೆ ಮೋಡ ಕಟ್ಟಿ ಅಕಾಲದ ಮಳೆ ಬಂತು. ಅಂಗಳದ ತುಂಬಾ ಚಾಲಿ ಅಡಿಕೆ ಹರಡಿತ್ತು. ನಾನು ಪೇಟೆಯಿಂದ ಓಡಿ ಬರುವಷ್ಟರಲ್ಲಿ ರಾಶಿ ಒಟ್ಟಿ ಆಗಿತ್ತು. ಅದರ ಮೇಲೆ ಟೆಂಟಿನ ಹಸಿರು ಹೊರಪದರ, ನಾಲ್ಕೂ ಮೂಲೆಗೆ ನನ್ನ ದಬ್ಬೆ ಗೂಟ ಹೊಡೆದು ಬಿಗಿದಿತ್ತು.

‘ಚಲೋ ಇದ್ದು ಇದು’ ಅಂದಳು ಆಯಿ. ‘ಇನ್ನೊಂದು ತರ್ಸು.’